ಅಯ್ಯಾರ ಪ್ರಿಂಟರಿನ ಕೆಂಪು ಶಾಯಿ

ಊಟಕ್ಕೆ ಕರೆದು ಕರೆದು ರತ್ನವ್ವ ಸಾರನ್ನು ಮತ್ತೊಮ್ಮೆ ಕಾಯಿಸಿದಳು. ಮಹಾಂತಯ್ಯ ಮಾತ್ರ ಪ್ರಿಂಟರಿನ ಮುಂದಿನಿಂದ ಏಳಲಿಲ್ಲ. ಕಂಪ್ಯೂಟರಿನ ಗುಂಡಿ ಒತ್ತಿದಾಗೊಮ್ಮೆ ಪ್ರಿಂಟರು ಗರ್ ಎಂದು ಎದ್ದು, ಕಾಗದ ಎಳೆದುಕೊಳ್ಳುವ ಹಾಗೆ ನಟಿಸಿ, ಕಟಕ್ ಎಂದು ನಿಂತುಬಿಡುತ್ತಿತ್ತು. ಆಮೇಲೆ ಅದರ ಕಿತ್ತಳೆ ಬಣ್ಣದ ದೀಪ ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿತ್ತು.

“ನನ್ನ ನೋಡಿ ಕಣ್ಣ ಹೊಡಿಯಾಕತ್ತೈತಿ ನೋಡ ಇದು,” ಎಂದ ಮಹಾಂತಯ್ಯ.

“ಹೊಡೀಲಿ ಬಿಡ್ರಿ. ಈ ವಯಸ್ಸಿನ್ಯಾಗ ನಿಮಗ ಇನ್ಯಾರ ಹೊಡೀತಾರ?” ಎಂದಳು ರತ್ನವ್ವ ಅಡುಗೆಮನೆಯಿಂದ.

ನಗುವ ಹೊತ್ತಲ್ಲ ಅದು. ಸಂಜೆ ಮುಗದ ಊರಿನಿಂದ ಬೀಗರಾಗುವ ಶಂಭುಲಿಂಗ ಬರುವವರಿದ್ದರು. ಮಗಳು ಸೌಮ್ಯಾಳ ನಿಶ್ಚಯದ ಕಾರ್ಡುಗಳನ್ನು ಅವರ ಕೈಗೆ ಕೊಡಬೇಕಿತ್ತು. ಪೇಟೆಯಲ್ಲಿ ಮಾಡಿಸೋಣ ಎಂದು ರತ್ನವ್ವ ಮೊದಲೇ ಹೇಳಿದ್ದಳು. ಮಹಾಂತಯ್ಯ ಕೇಳಿರಲಿಲ್ಲ. ಹೆಣ್ಣು ನೋಡುವ ದಿನ ಗಂಡಿನ ಕಡೆಯವರನ್ನೆಲ್ಲ ಪಡಸಾಲೆಯ ಮೂಲೆಗೆ ಕರೆದೊಯ್ದು, “ಬಣ್ಣದ ಪ್ರಿಂಟರ್ ಮನ್ಯಾಗ ಐತ್ರಿ. ಕಾರ್ಡಿನ ಚಿಂತಿ ನೀವ ಮಾಡಬ್ಯಾಡ್ರಿ,” ಎಂದು ಹೇಳಿಬಿಟ್ಟಿದ್ದ. ಅಂಥ ಮಾತು ಆಡಿದ ಮೇಲೆ ಪೇಟೆಗೆ ಹೋಗುವುದು ಹೇಗೆ?

ಮಹಾಂತಯ್ಯ ಲಕಮನಹಳ್ಳಿಯಲ್ಲಿ ಒಂದು ಸಣ್ಣ ಶೆಡ್ಡು ಹಾಕಿಕೊಂಡು ಲೇಥ್ ಮಶೀನು ನಡೆಸುತ್ತಿದ್ದ. ಯಾವ ಯಂತ್ರ ಹಟ ಮಾಡಿದರೂ ಅವನ ಬಳಿ ಇದ್ದದ್ದು ಎರಡೇ ಔಷಧ. ಮೊದಲು ಎಣ್ಣೆ, ಅದಕ್ಕೂ ಬಗ್ಗದಿದ್ದರೆ ಪೆಟ್ಟು. ಬೆಳಿಗ್ಗೆ ಅವನು ಎಣ್ಣೆಯ ಡಬ್ಬಿ ಹುಡುಕುವುದನ್ನು ಕಂಡು ರತ್ನವ್ವ ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಮುಚ್ಚಿಟ್ಟಿದ್ದಳು. ಹೀಗಾಗಿ ಅವನು ನೇರ ಪೆಟ್ಟಿಗೇ ಬಂದಿದ್ದ. ಅಂಗೈಯಿಂದ ಒಂದು ಕೊಟ್ಟಾಗ ಪ್ರಿಂಟರಿನ ಮುಚ್ಚಳ ತಾನಾಗಿ ತೆರೆದುಕೊಂಡಿತು. ಅಷ್ಟೇ ಲಾಭ.

ಇತ್ತ ಸೌಮ್ಯಾ ಗೋಡೆಗೆ ಆತು ಕೈಕಟ್ಟಿ ನಿಂತಿದ್ದಳು. ಅವಳಿಗೆ ಕಾರ್ಡು ಬರದಿದ್ದುದಕ್ಕಿಂತ, ಬಂದರೆ ಏನು ಬರುತ್ತದೆ ಎನ್ನುವುದೇ ಸಂಕಟವಾಗಿತ್ತು. ಆ ಕಾರ್ಡನ್ನು ಕಂಪ್ಯೂಟರಿನಲ್ಲಿ ಬರೆದವಳು ಅವಳೇ. ಮೇಲೆ ಕೆಂಪಕ್ಷರದಲ್ಲಿ ದೇವರ ಸ್ಮರಣೆ, ನಡುವೆ ಗಂಡು ಹೆಣ್ಣಿನ ಹೆಸರು, ಕೆಳಗೆ ನಿಮ್ಮ ಬರವನ್ನು ಬಯಸುವವರ ಹೆಸರುಗಳು. ಆ ಹೆಸರುಗಳ ಕೊನೆಗೆ ‘ಗೋವಿಂದಪ್ಪ ಟೇಲರ್ ಮತ್ತು ಮನೆಯವರು’ ಎಂದು ಹಾಕಿದ್ದಳು. ನಿನ್ನೆ ಮಹಾಂತಯ್ಯ ಚಶ್ಮಾ ಏರಿಸಿಕೊಂಡು ಕೂತು, ಒಂದು ಬೆರಳಿನಿಂದ ಒಂದೊಂದೇ ಅಕ್ಷರ ಅಳಿಸಿದ್ದ.

“ಅಪ್ಪಾ, ಕಾಕಾನ ಹೆಸರ ಎಲ್ಲಿ?” ಎಂದು ಆಗಲೇ ಸೌಮ್ಯಾ ಕೇಳಿದ್ದಳು.

“ದಸರಿಗೆ ಬನ್ನಿ ಕೊಡಾಕ ಬರದಾಂವ ನಿಶ್ಚಯಕ್ಕ ಯಾಕ ಬರತಾನ?”

“ನೀ ಹೋಗಿದ್ದೇನು ಕೊಡಾಕ?”

“ನಾ ಯಾಕ ಹೋಗಲಿ? ಸಿಟ್ಟ ಮಾಡಿಕೊಂಡಾಂವ ಅವನು.”

“ಹಂಗಾರ ಈ ಕಾರ್ಡು ನಾ ಒಬ್ಬರ ಕೈಯಾಗೂ ಕೊಡೂದಿಲ್ಲ. ನೀನ ಹಂಚಿಕೋ.”

ಗೋವಿಂದಪ್ಪ ಪಕ್ಕದ ಮನೆಯವನು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅವನ ಮನೆಯ ಮುಂದಿನ ಕೋಣೆಯೇ ಅಂಗಡಿ. ಹೀಗಾಗಿ ಅವನ ಹೊಲಿಗೆ ಯಂತ್ರದ ಟಕಟಕ ಮಹಾಂತಯ್ಯನ ಪಡಸಾಲೆಗೆ ದಿನವಿಡೀ ಕೇಳಿಸುತ್ತಿತ್ತು. ಸೌಮ್ಯಾ ತೊಟ್ಟ ಮೊದಲ ಲಂಗದಿಂದ ಹಿಡಿದು ಕಾಲೇಜಿನ ಚೂಡಿದಾರದವರೆಗೆ ಎಲ್ಲವೂ ಅದೇ ಯಂತ್ರದಲ್ಲಿ ಹೊಲಿದದ್ದು. ಅವಳು ಸೈಕಲ್ ಕಲಿಯುವಾಗ, ಕೊರಳಲ್ಲಿ ಅಳತೆ ಟೇಪು ತೂಗಾಡಿಸಿಕೊಂಡು ಹಿಂದೆ ಸೀಟು ಹಿಡಿದು ಓಡಿದವನೂ ಗೋವಿಂದಪ್ಪನೇ. ಮಹಾಂತಯ್ಯ ಆಗ ಕಟ್ಟೆಯ ಮೇಲೆ ಕೂತು, “ಬ್ರೇಕ್ ಹಿಡಿ, ಬ್ರೇಕ್ ಹಿಡಿ,” ಎಂದು ಕೂಗಿದ್ದಷ್ಟೇ.

ಇಂಥವರ ನಡುವೆ ಕೆಡಿಸಿದ್ದು ಈ ಪ್ರಿಂಟರು. ಯುಗಾದಿಗೆ ಅದು ಮನೆಗೆ ಬಂದಾಗಿನಿಂದ ಗೋವಿಂದಪ್ಪ ತನ್ನ ಅಂಗಡಿಗೆ ಬೇಕಾದದ್ದನ್ನೆಲ್ಲ ಇಲ್ಲೇ ಹೊಡೆಸಿಕೊಳ್ಳುತ್ತಿದ್ದ. ಅವನಿಗೆ ಕೆಂಪೆಂದರೆ ಪ್ರಾಣ. ‘ಸಾಲೀ ಯೂನಿಫಾರ್ಮ್ ಒಂದು ದಿನದಾಗ’ ಎಂಬ ಬೋರ್ಡು, ಅದರ ಹಿಂದೆ ಪೂರಾ ಕೆಂಪು. ಹತ್ತು ಹಾಳೆ ಜೋಡಿಸಿ ಗೋಡೆಗೆ ಅಂಟಿಸುವಂಥದ್ದು. ಗಣಪತಿ ಹಬ್ಬದ ಮುಂಚೆ ಅವನು ಅದನ್ನೇ ಇನ್ನೊಮ್ಮೆ ಹೊಡೆಸಲು ಬಂದಾಗ, ಮಹಾಂತಯ್ಯನ ಬಾಯಿ ತಡೆಯಲಿಲ್ಲ.

“ಶಾಯಿ ಅಂದ್ರ ನಳದ ನೀರ ಅಂತ ತಿಳದೀರೇನ್ರಿ ಗೋವಿಂದಪ್ಪ? ನಳದ ನೀರಾದ್ರೂ ಎಂಟ ದಿನಕ್ಕೊಮ್ಮೆ ಬರತೈತಿ. ಇದು ತಾನಾಗೆ ಬರೂದಿಲ್ಲ.”

ಗೋವಿಂದಪ್ಪ ತನ್ನ ಫ್ಲಾಪಿ ತೆಗೆದುಕೊಂಡು ಎದ್ದು ಹೋದ. ಅಂದಿನಿಂದ ಮಾತಿಲ್ಲ. ಹೊಲಿಗೆ ಯಂತ್ರದ ಸದ್ದು ಮಾತ್ರ ಮೊದಲಿಗಿಂತ ಜೋರಾಗಿದೆ ಎಂದು ಮಹಾಂತಯ್ಯನಿಗೆ ಅನಿಸತೊಡಗಿತು.

ದಸರೆಗೆ ಎಲ್ಲ ಸರಿಹೋಗುತ್ತದೆ ಎಂದು ಅವನು ಒಳಗೊಳಗೇ ನಂಬಿದ್ದ. ವರ್ಷದ ಮುನಿಸೆಲ್ಲ ಆ ಸಂಜೆ ಒಂದು ಬನ್ನಿಯ ಎಸಳಿನಲ್ಲಿ ಮುಗಿಯುವುದು ಊರಿನ ರೂಢಿ. ಕೊಟ್ಟವನೂ ಬಂಗಾರದ ಹಾಗೆ ಇರಬೇಕು, ತಗೊಂಡವನೂ ಇರಬೇಕು, ಆಮೇಲೆ ಹಳೆಯದನ್ನು ಎತ್ತಬಾರದು. ತಾನೇ ಮೊದಲು ಹೋದರೆ ಸೋತಂತೆ, ಅವನು ಹೊಸ್ತಿಲು ತುಳಿದರೆ ಸಾಕು, ಎದ್ದು ಹೋಗಿ ಅಪ್ಪಿಕೊಳ್ಳುವುದು ಎಂದು ಲೆಕ್ಕ ಹಾಕಿ ಮಹಾಂತಯ್ಯ ಅಂದು ಸಂಜೆಯೆಲ್ಲ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ. ನಡುವೆ ನಳ ಬಂತೆಂದು ಹಿತ್ತಲಿಗೆ ಓಡಿ ಕೊಡ, ಡ್ರಮ್ಮು ತುಂಬಿದ್ದೊಂದು ಬಿಟ್ಟರೆ ಕುರ್ಚಿ ಬಿಟ್ಟಿರಲಿಲ್ಲ. ಊರೆಲ್ಲ ಬಂತು, ಗೋವಿಂದಪ್ಪ ಬರಲಿಲ್ಲ. ಅದಾಗಿ ಇವತ್ತಿಗೆ ಎಂಟು ದಿನ.

ಕೊನೆಗೆ ಮಹಾಂತಯ್ಯ ಪ್ರಿಂಟರ್ ಕೊಂಡಿದ್ದ ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿದ. ಅಲ್ಲಿ ಫೋನು ಎತ್ತಿದ್ದು ನಜ್ಮಾ ಎಂಬ ಹುಡುಗಿ.

“ದೀಪ ಹತ್ತಿ ಆರಿ ಮಾಡಾಕತ್ತೈತೇನ್ರಿ ಕಾಕಾ?”

“ಹೌದವಾ.”

“ಹಂಗಾರ ಕಾಗದ ಹೋಗೂ ಹಾದ್ಯಾಗ ಏನರೆ ಸಿಕ್ಕಿರಬೇಕ್ರಿ. ಪಿನ್ನು, ಕಾಗದದ ಚೂರು…”

“ನಮ್ಮ ಮನ್ಯಾಗ ಯಾರೂ ಅದರ ಹಂತೇಕ ಹೋಗೂದಿಲ್ಲವಾ. ಇದು ಶಾಯಿದ ಭಾನಗಡಿ. ಬಾಜೂ ಮನ್ಯಾಗ ಒಬ್ಬ ಟೇಲರ್ ಅದಾನ. ಕೆಂಪು ಬೋರ್ಡು ಹೊಡಸಿ ಹೊಡಸಿ ಇದರ ಗಂಟಲ ಒಣಗಿಸ್ಯಾನ.”

“ಅಲ್ರಿ ಕಾಕಾ, ಶಾಯಿ ಇಲ್ಲಂದ್ರ ಬಿಳೀ ಕಾಗದನರೆ ಹೊರಗ ಬರಬೇಕಲ್ರಿ? ನಿಮ್ದು ಕಾಗದನ ಒಳಗ ಹೋಗವಲ್ದು.”

ಮಹಾಂತಯ್ಯನಿಗೆ ಆ ಮಾತು ಹಿಡಿಸಲಿಲ್ಲ. “ಹಲೋ, ಹಲೋ, ಕೇಳಿಸವಲ್ದವಾ,” ಎಂದು ಫೋನು ಇಟ್ಟುಬಿಟ್ಟ.

“ಏನಂದ್ರು?” ಎಂದಳು ಸೌಮ್ಯಾ.

“ಶಾಯಿ ಅಂದ್ರು.”

ತಾಟಿನಲ್ಲಿ ಬಿಸಿನೀರು ತರಿಸಿ, ಶಾಯಿಯ ಡಬ್ಬಿ ಎರಡನ್ನೂ ಕಳಚಿ, ಹಳೆಯ ಬನಿಯನ್ ಚೂರಿನಿಂದ ಒರೆಸತೊಡಗಿದ. ಬನಿಯನ್ನಿನ ಮೇಲೆ ನೀಲಿ ಬಂತು, ಹಳದಿ ಬಂತು, ಕಪ್ಪು ಬಂತು. ಕೆಂಪು ಮಾತ್ರ ಒಂದು ಹನಿ ಇಲ್ಲ. “ನೋಡ! ನಾ ಹೇಳಲಿಲ್ಲೇನು?” ಎಂದು ಹೆಂಡತಿಗೆ ತೋರಿಸಿದ. ಮಾತಿನ ಭರದಲ್ಲಿ ಮೂಗು ತುರಿಸಿಕೊಂಡದ್ದರಿಂದ ಮೂಗು ನೀಲಿಯಾಯಿತು. ಡಬ್ಬಿಗಳನ್ನು ಮತ್ತೆ ಹಾಕಿ ಗುಂಡಿ ಒತ್ತಿದ. ಗರ್, ಕಟಕ್. ಇನ್ನೊಮ್ಮೆ ಒತ್ತಿದ. ಸೌಮ್ಯಾ ಕಂಪ್ಯೂಟರನ್ನು ಆರಿಸಿ ಹಚ್ಚಿದಳು, ವಾಯರು ಬಿಚ್ಚಿ ಚುಚ್ಚಿದಳು. ಅವನು ಮತ್ತೆ ಮತ್ತೆ ಒತ್ತಿದ. ಗರ್, ಕಟಕ್.

ರತ್ನವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಆ ಹುಡುಗಿ ಖರೇನ ಏನಂದ್ಲು, ಅದನ್ನ ಹೇಳ್ರಿ.”

“ಅಕೀಗೇನ ತಿಳೀತೈತಿ, ಅಲ್ಲಿ ಹುಬ್ಬಳ್ಳ್ಯಾಗ ಕುಂತು.”

“ಏನಂದ್ಲು?”

“ಹಾದ್ಯಾಗ ಏನರೆ ಸಿಕ್ಕಿರಬೇಕು ಅಂದ್ಲು,” ಎಂದ ಮಹಾಂತಯ್ಯ, ಪ್ರಿಂಟರಿಗೂ ಕೇಳದಷ್ಟು ಮೆಲ್ಲಗೆ.

ರತ್ನವ್ವ ಒಳಗೆ ಹೋಗಿ ಜೋಳ ಕೇರುವ ಮರ ತಂದು ನೆಲದ ಮೇಲಿಟ್ಟಳು. “ಹಿಡೀರಿ ಆ ಕಡೆ. ಡಬ್ಬ ಹಾಕೂಣು.”

“ಅದೇನ ಜ್ವಾಳದ ಚೀಲ ಅನ್ಕೊಂಡೀಯೇನು?”

“ನುಂಗಾಕ ಆಗವಲ್ದು ಅಂದ್ರ ಗಂಟಲಾಗ ಏನೋ ಐತಿ. ಕರಾನೂ ಅಷ್ಟ, ಮಶೀನೂ ಅಷ್ಟ. ಹಿಡೀರಿ.”

ಸೌಮ್ಯಾ ಕರೆಂಟಿನ ವಾಯರು ಕಿತ್ತಳು, ಶಾಯಿಯ ಡಬ್ಬಿ ತೆಗೆದಳು. ಗಂಡ ಹೆಂಡತಿ ಸೇರಿ ಪ್ರಿಂಟರನ್ನು ಮರದ ಮೇಲೆ ಬೋರಲು ಹಿಡಿದು ಅಲ್ಲಾಡಿಸಿದರು. ಮೊದಲು ನಾಲ್ಕು ಅಕ್ಕಿಕಾಳು ಉದುರಿದವು. ಆಮೇಲೆ ಚೆಂಡುಹೂವಿನ ಒಣ ಎಸಳು, ಒಂದಿಷ್ಟು ವಿಭೂತಿಯ ಪುಡಿ. ದಸರೆಯಲ್ಲಿ ಮನೆಯ ಇಳಿಗೆ, ಸೈಕಲ್ಲಿನ ಜೊತೆ ಪ್ರಿಂಟರಿಗೂ ಪೂಜೆಯಾಗಿತ್ತು. ಮುಚ್ಚಳಕ್ಕೆ ಮೂರು ಬೆರಳ ವಿಭೂತಿ ಎಳೆದು, ಕಾಗದ ನಿಲ್ಲಿಸುವ ಹಲಗೆಗೆ ಮಾಲೆ ಹಾಕಿ, ಅಕ್ಷತೆ ಎರಚಿದವನು ಮಹಾಂತಯ್ಯನೇ.

“ಯಾರೂ ಹಂತೇಕ ಹೋಗೂದಿಲ್ಲ ಅಂದ್ರಲ್ಲ?” ಎಂದಳು ರತ್ನವ್ವ.

“ಅಕ್ಕಿಕಾಳಿಗೆ ಇಷ್ಟ ದೊಡ್ಡ ಮಶೀನ್ ನಿಲ್ತೈತೇನು?”

“ಇನ್ನೂ ಏನೋ ಐತಿ,” ಎಂದಳು ಸೌಮ್ಯಾ. ಕಾಗದ ಇಳಿಯುವ ಸಂದಿಯೊಳಗೆ ಇಣುಕಿ, ಹುಬ್ಬಿನ ಚಿಮಟ ತಂದು, ನಾಲಿಗೆ ಕಚ್ಚಿಕೊಂಡು ಮೆಲ್ಲಗೆ ಎಳೆದಳು. ರಬ್ಬರಿನ ಉರುಳೆಗೆ ಮುಳ್ಳು ನೆಟ್ಟುಕೊಂಡು ಕೂತಿದ್ದ ಒಂದು ಒಣಗಿದ ಬನ್ನಿಯ ಎಸಳು ಹೊರಗೆ ಬಂತು. ಅದರ ತೊಟ್ಟಿಗೆ ಗಾಢ ನೀಲಿ ದಾರ ಸುತ್ತಿತ್ತು.

ಮೂವರೂ ಅದನ್ನೇ ನೋಡಿದರು. ಓಣಿಯಲ್ಲಿ ಬನ್ನಿಗೆ ದಾರ ಸುತ್ತಿ ಕೊಡುವವನು ಒಬ್ಬನೇ. ಅಂಗಡಿಯಲ್ಲಿ ಉಳಿದ ದಾರದಿಂದ ಎರಡೆರಡು ಎಸಳು ಸೇರಿಸಿ, ಗುಂಡಿ ಹಚ್ಚುವ ಹಾಗೆ ಗಟ್ಟಿ ಗಂಟು ಹಾಕಿಯೇ ಗೋವಿಂದಪ್ಪ ಬನ್ನಿ ಕೊಡುತ್ತಿದ್ದ.

“ಹ್ವಾದ ವರ್ಷದ್ದಿರಬೇಕು,” ಎಂದ ಮಹಾಂತಯ್ಯ.

“ಹ್ವಾದ ವರ್ಷ ಪ್ರಿಂಟರ್ ಎಲ್ಲಿತ್ತಪಾ?” ಎಂದಳು ಸೌಮ್ಯಾ.

“ಮತ್ತ ನಾ ಇಲ್ಲೇ ಕುಂತಿದ್ದೆ. ಸಂಜಿತನಾ ಇಲ್ಲೇ!”

ರತ್ನವ್ವ ಒಂದೇ ಮಾತು ಅಂದಳು: “ನಳ.”

ಮಹಾಂತಯ್ಯ ಕುರ್ಚಿಯ ಮೇಲೆ ಕುಸಿದ. ಡ್ರಮ್ಮಿಗೆ ನೀರು ಬೀಳುವ ಸದ್ದಿನಲ್ಲಿ ಅಂದು ಮೂವರಿಗೂ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅದೇ ಹೊತ್ತಿಗೆ ಗೋವಿಂದಪ್ಪ ಬಂದು, ಕೂಗಿ, ಪ್ರಿಂಟರಿನ ಮೇಲೆ ಬನ್ನಿ ಇಟ್ಟು ಹೋಗಿದ್ದಾನೆ. ಮರುದಿನ ಬಾಡಿದ ಮಾಲೆ ಎಳೆದು ತೆಗೆಯುವಾಗ ಅದು ಸಂದಿಗೆ ಜಾರಿದೆ. ಗೋಡೆಯ ಆಚೆ ಹೊಲಿಗೆ ಯಂತ್ರ ಟಕಟಕ ಎನ್ನುತ್ತಲೇ ಇತ್ತು.

ಮಹಾಂತಯ್ಯ ಎದ್ದು ದೇವರ ಜಗುಲಿಯ ತಟ್ಟೆಯಿಂದ ಒಂದು ಒಣ ಬನ್ನಿ ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಟ. “ಮೂಗ ಒರಸ್ಕೊಂಡ ಹೋಗ್ರಿ,” ಎಂದು ರತ್ನವ್ವ ಕೂಗುವುದರಲ್ಲಿ ಗೇಟು ದಾಟಿದ್ದ.

ಗೋವಿಂದಪ್ಪ ಚಶ್ಮಾದ ಮೇಲಿನಿಂದ ನೋಡಿದ. ಅವನ ಕಾಲು ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿತು.

“ಏನ್ರಿ ಅಯ್ಯಾರ, ಮೂಗಿಗೆ ಏನಾತು?”

“ಮೂಗ ಇರ್ಲಿ. ಇದನ್ನ ಹಿಡೀರಿ.”

“ದೀಪಾವಳಿ ಬರಾಕತ್ತೈತಿ, ಈಗ ಬನ್ನಿ?”

“ನಿಮ್ಮ ಬನ್ನಿ ನಮಗ ಮುಟ್ಟಿದ್ದ ಈಗ. ಪ್ರಿಂಟರ್ ನುಂಗಿತ್ತು.”

ಗೋವಿಂದಪ್ಪ ಕತ್ತರಿ ಕೆಳಗಿಟ್ಟ. “ನಾ ಅವತ್ತ ಬಂದು ಕೂಗೇ ಕೂಗಿದೆ. ಬಾಗಲಾ ತಗದೈತಿ, ಪೇಪರ್ ಕುರ್ಚಿ ಮ್ಯಾಲೈತಿ, ಚಶ್ಮಾ ಪೇಪರ್ ಮ್ಯಾಲೈತಿ, ಮನಶ್ಯಾ ಇಲ್ಲ. ನನ್ನ ದನಿ ಕೇಳೇ ಒಳಗ ಹ್ವಾದ್ರು ಅಂದ್ಕೊಂಡೆ.”

“ನಳ ಬಂದಿತ್ರಿ ಮಾರಾಯರ!”

“ನಮ್ಮ ಮನ್ಯಾಗ ಬಂದಿದ್ದಿಲ್ಲೇನು? ನನ್ನ ಹೇಣ್ತಿ ಬೈಕೋತ ಒಬ್ಬಾಕೀನ ತುಂಬಾಕತ್ತಿದ್ಲು. ನಾ ನೀರ ಬಿಟ್ಟ ನಿಮ್ಮ ಮನಿಗೆ ಬಂದಿದ್ನಿ.”

ಎಂಟು ದಿನಕ್ಕೊಮ್ಮೆ ಬರುವ ನೀರು ಬಿಟ್ಟು ಈ ಊರಿನಲ್ಲಿ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಮಹಾಂತಯ್ಯ ಕೇಳಿದ, “ಅಲ್ರಿ, ಜಗಲಿ ಬಿಟ್ಟು ಆ ಪ್ರಿಂಟರ್ ಮ್ಯಾಲ ಯಾಕ ಇಟ್ರಿ?”

“ನನ್ನ ಜಗಳ ನಿಮ್ಮ ಜೋಡಿ ಅಲ್ಲಲ್ರಿ, ಅದರ ಜೋಡಿ. ಅದಕ್ಕ ಕೊಟ್ಟು ಬಂದೆ.”

ಇಬ್ಬರೂ ನಕ್ಕರು. ಬನ್ನಿ ಕೈ ಬದಲಾಯಿತು. ಅಪ್ಪಿಕೊಳ್ಳುವಾಗ ಮಹಾಂತಯ್ಯನ ಮೂಗಿನ ನೀಲಿ ಗೋವಿಂದಪ್ಪನ ಬಿಳಿ ಅಂಗಿಯ ಹೆಗಲಿಗೆ ಹತ್ತಿತು.

“ಎಲ್ಲಿ ಸಿಕ್ಕಿತ್ತು, ತೋರಸ್ರಿ ನಡೀರಿ,” ಎಂದು ಗೋವಿಂದಪ್ಪ ಎದ್ದ. ಹೊಸ್ತಿಲು ದಾಟುವಾಗ ಮಹಾಂತಯ್ಯನಿಗೆ ಕಾರ್ಡಿನ ನೆನಪಾಯಿತು. ಸೌಮ್ಯಾ ಇಷ್ಟರಲ್ಲಿ ಹೆಸರು ಸೇರಿಸಿರುತ್ತಾಳೆ ಎಂದುಕೊಂಡ.

ಸೌಮ್ಯಾ ಅದನ್ನೇ ಮಾಡುತ್ತಿದ್ದಳು. ಶಾಯಿಯ ಡಬ್ಬಿ ಹಾಕಿ, ಕಾಗದ ಇಟ್ಟು, ಕರೆಂಟು ಕೊಟ್ಟು, ‘ಗೋವಿಂದ’ ಎಂದು ಬರೆಯುವಷ್ಟರಲ್ಲಿ ಪ್ರಿಂಟರು ಯಾರಪ್ಪಣೆಗೂ ಕಾಯದೆ ತಾನೇ ಹೊರಟುಬಿಟ್ಟಿತು. ಬೆಳಿಗ್ಗೆಯಿಂದ ಮಹಾಂತಯ್ಯ ಒತ್ತಿದ ಪ್ರತಿ ಒತ್ತೂ ಕಂಪ್ಯೂಟರಿನ ಹೊಟ್ಟೆಯಲ್ಲಿ ಸರದಿ ಹಚ್ಚಿ ನಿಂತಿತ್ತು. ಈಗ ದಾರಿ ಸಿಕ್ಕಿತು. ಒಂದರ ಹಿಂದೊಂದು ಕಾರ್ಡು ಸರಸರ ಹೊರಗೆ ಬರತೊಡಗಿದವು. ಎಲ್ಲವೂ ನಿನ್ನೆಯವು. ಹೆಸರಿಲ್ಲದವು.

“ಹಾಂ, ನಮ್ಮ ಸೌಮ್ಯಾನ ಕಾರ್ಡೇನ ಇದು!” ಎಂದು ಒಳಗೆ ಬಂದ ಗೋವಿಂದಪ್ಪ ಮೊದಲನೆಯದನ್ನು ಎತ್ತಿಕೊಂಡ.

ಮಹಾಂತಯ್ಯ ಗುಂಡಿಗೆ ಕೈ ಹಾಕಿದ. ಬೆಳಿಗ್ಗೆಯಿಂದ ಬೇಡಿಕೊಂಡರೂ ಹೊರಡದ ಯಂತ್ರ ಈಗ ಬೇಡವೆಂದರೂ ನಿಲ್ಲಲಿಲ್ಲ. ಗೋವಿಂದಪ್ಪ ಮೇಲಿನಿಂದ ಕೆಳಗಿನವರೆಗೆ ಓದಿದ. ಕೊನೆಯ ಸಾಲಿಗೆ ಬಂದು ನಿಂತ. ಕಾರ್ಡು ತಿರುಗಿಸಿ ಹಿಂದೆ ನೋಡಿದ. ಹಿಂದೆ ಏನೂ ಇರಲಿಲ್ಲ. ಮತ್ತೆ ಮುಂದೆ ತಿರುಗಿಸಿದ. ಆಗ ಸೌಮ್ಯಾ ವಾಯರನ್ನೇ ಕಿತ್ತಳು. ಅರ್ಧ ಹೊರಬಂದ ಕಾರ್ಡು ಹಾಗೆಯೇ ನಿಂತಿತು.

ಕಂಪ್ಯೂಟರಿನ ತಪ್ಪು ಎಂದು ಹೇಳಲು ಮಹಾಂತಯ್ಯ ಬಾಯಿ ತೆರೆದಿದ್ದ. ಮಗಳ ಮುಖ ಕಂಡು ಆ ಮಾತು ಬಿಟ್ಟ.

“ನಾನ ತಗದೇನ್ರಿ. ಸಿಟ್ಟಿನ್ಯಾಗ. ಹುಡುಗಿ ಹಾಕಿದ್ಲು.”

ಗೋವಿಂದಪ್ಪ ಬಟ್ಟೆ ಮಡಿಸುವ ಹಾಗೆ ಕಾರ್ಡನ್ನು ನಡುವೆ ಮಡಿಸಿ, ಉಗುರಿನಿಂದ ಗೆರೆ ತೀಡಿದ. ಸೌಮ್ಯಾಳ ಕಣ್ಣು ತುಂಬಿತ್ತು. “ಕಾಕಾ…” ಎಂದಳು.

ಅವನು ಅವಳನ್ನು ನೋಡಿದ, ಅವಳ ಅಪ್ಪನ ನೀಲಿ ಮೂಗನ್ನೂ ನೋಡಿದ.

“ಶಾಯಿ ಉಳಿತೈತಿ ಅಂತ ತಗದ್ರೇನ್ರಿ ಅಯ್ಯಾರ?”

ಮೊದಲು ನಕ್ಕವಳು ರತ್ನವ್ವ. ಆಮೇಲೆ ಉಳಿದವರಿಗೆ ಧೈರ್ಯ ಬಂತು.

“ನಡೀಲಿ, ಬಿಚ್ಚಿ ಹೊಲೀರಿ,” ಎಂದ ಗೋವಿಂದಪ್ಪ ಕುರ್ಚಿ ಎಳೆದುಕೊಂಡು. “ಕಾಲರ್ ತಪ್ಪೈತಿ ಅಂತ ನಾ ಅಂಗಿ ಬಿಸಾಡಿದ್ರ ಈ ಓಣಿ ಮಂದಿ ಮೈಮ್ಯಾಲ ಅರಬಿನ ಇರತಿದ್ದಿಲ್ಲ. ಅಂದಂಗ ಸೌಮ್ಯಾ, ನನ್ನ ಹೆಸರ ಕೆಂಪಕ್ಷರದಾಗ ಹೊಡಿಯವಾ.”

ಸೌಮ್ಯಾ ಕಣ್ಣೊರೆಸಿಕೊಂಡು ಸರದಿಯಲ್ಲಿ ಉಳಿದದ್ದನ್ನೆಲ್ಲ ಅಳಿಸಿದಳು. ಹೆಸರು ಬರೆದಳು, ಕೆಂಪು ಮಾಡಿದಳು, ವಾಯರು ಚುಚ್ಚಿ ಗುಂಡಿ ಒತ್ತಿದಳು. ಹೊಸ ಕಾರ್ಡು ಬಂತು. ಕೆಂಪಿಗೆ ಬೆರೆಯುವ ಹಳದಿಯೊಂದೇ ಉಳಿದು, ದೇವರ ಸ್ಮರಣೆ ಹಳದಿ. ಗೋವಿಂದಪ್ಪನ ಹೆಸರೂ ಹಳದಿ, ಕಂಡೂ ಕಾಣದ ಹಾಗೆ.

“ಇದೇನ್ರಿ, ಕೆಂಪ ಎಲ್ಲಿ?”

“ನಮ್ಮ ಮನಿ ಕೆಂಪ ಅಷ್ಟೂ ನಿಮ್ಮ ಅಂಗಡಿ ಗ್ವಾಡಿ ಮ್ಯಾಲೈತಿ,” ಎಂದ ಮಹಾಂತಯ್ಯ. “ಹೋಗಿ ನೋಡಿ ಬರ್ರಿ.”

ಆಮೇಲೆ ಗೋವಿಂದಪ್ಪನ ಹೆ‌ಸರನ್ನು ಎಲ್ಲರ ಹಾಗೆ ಕಪ್ಪಿನಲ್ಲೇ ಹೊಡೆದರು. ಹೆಸರಿಲ್ಲದ ಕಾರ್ಡುಗಳನ್ನೆಲ್ಲ ಅವನು ಒಟ್ಟುಗೂಡಿಸಿ ಬಗಲಿಗೆ ಇಟ್ಟುಕೊಂಡ. ಹಿಂದಿನ ಬದಿ ಬಿಳಿ ಇದೆ, ಗಿರಾಕಿಗಳ ಅಳತೆ ಬರೆಯಲು ಆಗುತ್ತದೆ ಎಂದ.

ಹೊತ್ತು ಇಳಿಯುವಾಗ ಶಂಭುಲಿಂಗ ಬಂದರು. ಕಾರ್ಡನ್ನು ಬೆಳಕಿಗೆ ಹಿಡಿದು, ಮೇಲಿನ ಹಳದಿ ಅಕ್ಷರ ನೋಡಿ ತಲೆ ಆಡಿಸಿದರು.

“ಅರಿಷಿಣದ ಬಣ್ಣ! ಶುಭಕಾರ್ಯಕ್ಕ ಭಾಳ ಛಲೋ ಕಾಣತೈತಿ. ಬೇಕಂತನ ಮಾಡಸೀರೇನ್ರಿ?”

“ಹೌದ್ರಿ ಬೀಗರ. ಇವರು ನಮ್ಮ ಬಾಜೂ ಮನಿ ಗೋವಿಂದಪ್ಪ. ಇವರ ದಯಾನ ಅದು,” ಎಂದ ಮಹಾಂತಯ್ಯ.

ಗೋವಿಂದಪ್ಪ ಚಹಾ ಬಾಯಲ್ಲಿಟ್ಟುಕೊಂಡು ಕೆಮ್ಮಿದ.

ಅಷ್ಟರಲ್ಲಿ ಹಿತ್ತಲಿನ ಕಡೆಯಿಂದ ಗೊರಗೊರ ಸದ್ದು ಕೇಳಿತು. “ನಳಾ ಬಂತು!” ಎಂದು ರತ್ನವ್ವ ಕೂಗುತ್ತ ಓಡಿದಳು, ಸೌಮ್ಯಾ ಹಿಂದೆ ಓಡಿದಳು. ಗೋಡೆಯ ಆಚೆಯಿಂದ ಗೋವಿಂದಪ್ಪನ ಹೆಂಡತಿಯ ಬೈಗುಳವೂ ಕೇಳತೊಡಗಿತು. ಗೋವಿಂದಪ್ಪ ಚಹಾದ ಕಪ್ಪು ಕೆಳಗಿಟ್ಟು ಏಳುವಷ್ಟರಲ್ಲಿ ಮಹಾಂತಯ್ಯ ಅವನ ಹೆಗಲು ಒತ್ತಿ ಕೂರಿಸಿದ.

“ನೀವು ಬೀಗರ ಜೋಡಿ ಮಾತಾಡ್ಕೋತ ಕುಂದರ್ರಿ. ನಿಮ್ಮ ಡ್ರಮ್ಮು ಇವತ್ತ ನಾ ತುಂಬತೇನಿ.”

ಎರಡು ಕೊಡ ಎತ್ತಿಕೊಂಡು ಅವನು ಪಕ್ಕದ ಮನೆಯ ಹಿತ್ತಲಿಗೆ ಹೊರಟುಹೋದ. ಬೀಗರು ಮತ್ತು ಟೇಲರು ಒಬ್ಬರ ಮುಖ ಒಬ್ಬರು ನೋಡುತ್ತ, ನಡುವೆ ಪ್ರಿಂಟರು ಇಟ್ಟುಕೊಂಡು ಕೂತರು.

“ಮಶೀನ್ ಛಲೋ ಐತೇನ್ರಿ?” ಎಂದರು ಶಂಭುಲಿಂಗ.

“ಐತ್ರಿ,” ಎಂದ ಗೋವಿಂದಪ್ಪ. “ಬನ್ನಿ ಒಂದ ಕೊಡಬಾರದು ಅದಕ್ಕ.”